ವಾಕ್ಯ ಓದುತ್ತಾ ದೇವರಲ್ಲಿ ಭರವಸೆ ಇಡುವುದು ಹೇಗೆ? ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ವಾಟ್ಸಾಪ್ ತುಂಬ ಬೈಬಲ್ ವಾಕ್ಯಗಳು. ಸೂರ್ಯೋದಯದ ಚಿತ್ರ, ಅದರ ಮೇಲೆ ಹಳದಿ ಅಕ್ಷರದಲ್ಲಿ "ಭಯಪಡಬೇಡ". ನಾವೂ ಒಂದು ಆಮೆನ್ ಹಾಕಿ ಮುಂದಿನ ಗ್ರೂಪಿಗೆ ಕಳಿಸುತ್ತೇವೆ. ತಪ್ಪೇನಿಲ್ಲ. ಆದರೆ ಶುಂಠಿ ಬೆಲೆ ಕುಸಿದ ವಾರ, ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ದಿನ, ಮಗ ಬೆಂಗಳೂರಿನ ಕೆಲಸ ಹೋಯಿತು ಅಂತ ಬ್ಯಾಗ್ ಹಿಡಿದು ಬಾಗಿಲಿಗೆ ಬಂದ ರಾತ್ರಿ, ಆ ಒಂದು ಸಾಲು ಎಷ್ಟು ಹೊತ್ತು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ?

ಭರವಸೆ ಬರುವುದು ಪೂರ್ತಿ ಅಧ್ಯಾಯ ಓದುವುದರಿಂದ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ನಮಗೆ ಅಷ್ಟಾಗಿ ಇಷ್ಟವಾಗದ ಸಾಲುಗಳನ್ನು ಬಿಡದೆ ಓದುವುದರಿಂದ. ಚಿಕ್ಕಮಗಳೂರು, ಹಾಸನದ ಕಡೆ ತೋಟ, ಗದ್ದೆ, ಅಂಗಡಿ, ಬಸ್ಸು ಅಂತ ಓಡಾಡುವವರು ಇದನ್ನು ದಿನವೂ ಹೇಗೆ ಮಾಡಬಹುದು ಎಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕಥೋಲಿಕರಿಗೂ ಸಿಎಸ್‌ಐನವರಿಗೂ (ದಕ್ಷಿಣ ಭಾರತ ಸಭೆ) ಬೇರೆ ಸಭೆಗಳವರಿಗೂ ಇದು ಒಂದೇ.

ಹೆಜ್ಜೆ 1: ಪುಸ್ತಕ, ಜಾಗ, ಹೊತ್ತು

ಮೊದಲು ಅಚ್ಚಾದ ಬೈಬಲ್ ಒಂದು ಇರಲಿ. ಮೊಬೈಲಿನಲ್ಲೂ ಓದಬಹುದು, ಆದರೆ ಓದುತ್ತಿರುವಾಗಲೇ ಮೇಲಿನಿಂದ ಮೆಸೇಜ್ ಇಳಿಯುತ್ತದೆ. ಜೂನ್ ತಿಂಗಳಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಚಾರ್ಜ್ ಇರುವುದಿಲ್ಲ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳಿವೆ, ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ 66. ಈ ಮಾರ್ಗದರ್ಶಿಗೆ ಯಾವುದಾದರೂ ಸಾಕು. ಕನ್ನಡದಲ್ಲಿ ಪೂರ್ತಿ ಬೈಬಲ್ ಮೊದಲು ಅಚ್ಚಾಗಿದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ, ಹೊಸದಾಗಿಯೂ ಅನುವಾದ ಮಾಡಿದ್ದಾರೆ. ಅಜ್ಜಿಗೆ ಹಳೆಯ ಭಾಷೆಯೇ ಬಾಯಲ್ಲಿ ಕೂತಿರುತ್ತದೆ, ಪಿಯುಸಿ ಓದುವ ಮೊಮ್ಮಗಳಿಗೆ ಅದು ತಿಣುಕಾಟ. ಮನೆಯಲ್ಲಿ ಎರಡೂ ಬಗೆಯದು ಇದ್ದರೆ ಜಗಳ ಕಡಿಮೆ.

ದೊಡ್ಡ ಅಕ್ಷರದ ಪ್ರತಿ ಕೊಳ್ಳಿ. ಬೈಬಲಿನ ಕಾಗದ ತೆಳು. ನಮ್ಮ ಮಳೆಗಾಲದಲ್ಲಿ ಹಾಳೆಗೆ ಹಾಳೆ ಅಂಟುತ್ತದೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ದೇವರ ಪುಸ್ತಕ ಅಂತ ಗೋಡೆಯ ಮೇಲಿನ ಸ್ಟ್ಯಾಂಡಿನಲ್ಲಿ ಬಟ್ಟೆ ಸುತ್ತಿ ಇಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಬಿಡಿಸುವುದಕ್ಕೇ ಆಗುವುದಿಲ್ಲ. ಅಡುಗೆಮನೆಯ ಹತ್ತಿರ, ಬೆಚ್ಚಗಿರುವ ಕಡೆ ಇಡಿ. ದಿನವೂ ತೆರೆಯುವ ಪುಸ್ತಕಕ್ಕೆ ಬೂಷ್ಟು ಬರುವುದು ಕಡಿಮೆ.

ಹೊತ್ತು ಯಾವುದು? ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರು ಎಂದು ಮಾರ್ಕನ ಸುವಾರ್ತೆ 1:35ರಲ್ಲಿದೆ (1ನೇ ಅಧ್ಯಾಯ, 35ನೇ ವಾಕ್ಯ). ಅದನ್ನು ಓದಿ ನಾಳೆಯಿಂದ ನಾಲ್ಕು ಗಂಟೆಗೆ ಏಳುತ್ತೇನೆ ಅಂತ ಹೊರಡಬೇಡಿ, ಮೂರು ದಿನಕ್ಕೆ ನಿಂತುಹೋಗುತ್ತದೆ. ತೋಟದ ಕೆಲಸಕ್ಕೆ ಹೊರಡುವವರಿಗೆ ಒಲೆ ಮೇಲೆ ನೀರು ಕಾಯುವ ಹೊತ್ತು, ಅಂಗಡಿಯವರಿಗೆ ಶಟರ್ ಎತ್ತುವ ಮುಂಚಿನ ಹತ್ತು ನಿಮಿಷ, ಕೆಲಸಕ್ಕೆ ಹಾಸನಕ್ಕೆ ಓಡಾಡುವವರಿಗೆ ಬಸ್ಸಿನ ಸೀಟು. ದಿನವೂ ತಪ್ಪದೆ ಸಿಗುವ ಹತ್ತು ನಿಮಿಷ ಹುಡುಕಿ. ಅಷ್ಟೇ ಸಾಕು.

ಎಷ್ಟು ಓದಬೇಕು ಅನ್ನುವುದಕ್ಕೆ ವಿಮೋಚನಕಾಂಡ 16 ನೋಡಿ. ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ, ಮನ್ನ, ಸಿಕ್ಕಿದ್ದು ದಿನದ ಪಾಲು. ನಾಳೆಗೂ ಇರಲಿ ಅಂತ ಕೂಡಿಟ್ಟಿದ್ದು ಹುಳ ಬಿದ್ದು ನಾತ ಹೊಡೆಯಿತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಬಹುದಿತ್ತು. ಭಾನುವಾರ ಆರು ಅಧ್ಯಾಯ ಒಟ್ಟಿಗೆ ಓದಿ ವಾರಪೂರ್ತಿ ಸುಮ್ನೆ ಇರುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ಹೆಜ್ಜೆ 2: ಎಲ್ಲಿಂದ ಶುರು

ಮೊದಲ ಪುಟದಿಂದ ಬೇಡ. ಆದಿಕಾಂಡ ಕಥೆಯಂತೆ ಓಡುತ್ತದೆ, ವಿಮೋಚನಕಾಂಡದ ಅರ್ಧದವರೆಗೂ ಪರವಾಗಿಲ್ಲ. ಆಮೇಲೆ ಗುಡಾರದ ಅಳತೆ, ಯಾಜಕಕಾಂಡದ ಬಲಿಗಳ ನಿಯಮ ಬರುತ್ತದೆ, ಹೆಚ್ಚಿನವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಜೊತೆಗೆ ದಿನಕ್ಕೊಂದು ಕೀರ್ತನೆ. ವ್ಯವಹಾರಸ್ಥರಿಗೆ ಜ್ಞಾನೋಕ್ತಿಗಳು ಹಿಡಿಸುತ್ತವೆ. ಅಲ್ಲಿ 31 ಅಧ್ಯಾಯ ಇರುವುದರಿಂದ ಎಷ್ಟೋ ಜನ ತಾರೀಕು ನೋಡಿ ಆ ಅಧ್ಯಾಯ ತೆರೆಯುತ್ತಾರೆ.

ಹೆಜ್ಜೆ 3: ಓದುವ ಕ್ರಮ

ಒಂದು ಭಾಗವನ್ನು ಎರಡು ಸಲ ಓದಿ. ಮೊದಲ ಸಲ ಮನಸ್ಸಿನಲ್ಲಿ, ಎರಡನೇ ಸಲ ತುಟಿ ಆಡಿಸಿ ಸಣ್ಣ ದನಿಯಲ್ಲಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ? ಇದರ ಹಿಂದೆ ಮುಂದೆ ಏನಿದೆ? ಇಲ್ಲಿ ದೇವರು ಏನು ಮಾಡುತ್ತೇನೆ ಅನ್ನುತ್ತಾರೆ, ಏನನ್ನು ಮಾಡುತ್ತೇನೆ ಅಂದೇ ಇಲ್ಲ? ಇವತ್ತು ನಾನು ಮಾಡಬೇಕಾದ ಕೆಲಸ ಏನಾದರೂ ಇದರಲ್ಲಿ ಇದೆಯಾ?

ಮೂರನೇ ಪ್ರಶ್ನೆಯೇ ಮುಖ್ಯ. ನಾವು ದೇವರ ಮೇಲೆ ಬೇಸರ ಮಾಡಿಕೊಳ್ಳುವುದು ಜಾಸ್ತಿ ಅವರು ಕೊಡದ ಮಾತಿನ ಬಗ್ಗೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡ್ ಹಂಚುತ್ತಾರಲ್ವಾ? ಆ ಬುಟ್ಟಿಯಲ್ಲಿ ಯೆರೆಮೀಯ 29:11 ಇದ್ದೇ ಇರುತ್ತದೆ. ನಿಮಗಾಗಿ ನಾನು ಮಾಡಿರುವ ಆಲೋಚನೆ ಕೇಡಿನದಲ್ಲ, ಒಳ್ಳೆಯದು, ನಿಮಗೆ ಮುಂದೆ ನಿರೀಕ್ಷೆ ಇದೆ ಅನ್ನುವ ಅರ್ಥದ ವಾಕ್ಯ. ಆ ಕಾರ್ಡ್ ಸಿಕ್ಕಿದವರು ಈ ವರ್ಷ ಮಗಳ ಮದುವೆ, ಮನೆ ಕೆಲಸ ಎರಡೂ ಆಯಿತು ಅಂತಲೇ ಮನೆಗೆ ಹೋಗುತ್ತಾರೆ.

ಈಗ ಹಿಂದಿನ ಅಧ್ಯಾಯ ತೆರೆಯಿರಿ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನ ಎಷ್ಟೋ ಜನರನ್ನು ಸೆರೆಹಿಡಿದು ಒಯ್ದಿದ್ದಾನೆ. ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ನಿಂತು, ಇನ್ನು ಎರಡು ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದು ಸಾರುತ್ತಾನೆ. ಬಾಬಿಲೋನಿಗೆ ತಲೆಬಾಗಿ ಅನ್ನುವುದಕ್ಕೆ ಗುರುತಾಗಿ ಪ್ರವಾದಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ಹನನ್ಯ ಕಿತ್ತು ಮುರಿಯುತ್ತಾನೆ. ಕೇಳುವವರಿಗೆ ಎಷ್ಟು ಖುಷಿಯಾಗಿರಬೇಕು! ಆದರೆ ದೇವರು ಹನನ್ಯನನ್ನು ಕಳಿಸಿರಲೇ ಇಲ್ಲ.

ಅದಾದ ಮೇಲೆ 29ನೇ ಅಧ್ಯಾಯದಲ್ಲಿ ಯೆರೆಮೀಯನ ಕಾಗದ ಬಾಬಿಲೋನಿಗೆ ಹೋಗುತ್ತದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ ಎಂದು ಅದರಲ್ಲಿದೆ. ಹತ್ತನೇ ವಾಕ್ಯದಲ್ಲಿ ಲೆಕ್ಕ ಬರುತ್ತದೆ: ಎಪ್ಪತ್ತು ವರ್ಷ. ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹಳ ಜನ ಊರಿನ ಮುಖ ನೋಡದೆ ಅಲ್ಲೇ ತೀರಿಕೊಳ್ಳಬೇಕಿತ್ತು. ನಮ್ಮ ಕಾರ್ಡಿನ ವಾಕ್ಯ ಬರುವುದು ಇದರ ಮುಂದಿನ ಸಾಲಿನಲ್ಲಿ.

ಈ ಅಧ್ಯಾಯ ಹಾಸನದ ಕಡೆಯವರಿಗೆ ಬೇಗ ಅರ್ಥವಾಗಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರಿಗೆ ಊರೇ ಎದ್ದು ಹೋಗಬೇಕಾಯಿತು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚ್ ಹಿನ್ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಆ ಹಳ್ಳಿಗಳವರು ಬೇರೆ ಕಡೆ ಹೋಗಿ ಮತ್ತೆ ಮನೆ ಕಟ್ಟಿದರು, ಮತ್ತೆ ಗಿಡ ನೆಟ್ಟರು. ಯೆರೆಮೀಯನ ಕಾಗದ ಬಂದಿದ್ದು ಅಂಥವರಿಗೆ. ಇಷ್ಟೆಲ್ಲ ಓದಿದ ಮೇಲೂ 11ನೇ ವಾಕ್ಯ ಸಮಾಧಾನ ಕೊಡುತ್ತದೆ. ಈ ವರ್ಷವೇ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ಅದು ಹೇಳುವುದಿಲ್ಲ.

ಇದೇ ಕ್ರಮವನ್ನು ಫಿಲಿಪ್ಪಿಯವರಿಗೆ 4:13ಕ್ಕೂ ಹಚ್ಚಿ ನೋಡಿ. "ಎಲ್ಲವನ್ನೂ ಮಾಡಬಲ್ಲೆ" ಅನ್ನುವ ಆ ವಾಕ್ಯ ಪರೀಕ್ಷೆ ಬರೆಯುವ ಮಕ್ಕಳ ಬಾಯಲ್ಲಿ ಇರುತ್ತದೆ. ಹಿಂದಿನ ಎರಡು ವಾಕ್ಯದಲ್ಲಿ ಈ ಪತ್ರಿಕೆ ಬರೆದ ಪೌಲ ಮಾತಾಡುತ್ತಿರುವುದು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತಿಯಾಗಿರುವುದನ್ನು ಕಲಿತ ಬಗ್ಗೆ. ಬರೆದಿದ್ದೂ ಸೆರೆಯಲ್ಲಿದ್ದಾಗ.

ಹೆಜ್ಜೆ 4: ಪ್ರಾರ್ಥನೆಯಲ್ಲಿ ನಿಜ ಹೇಳಿ

ಓದಿದ್ದನ್ನೇ ಪ್ರಾರ್ಥನೆ ಮಾಡಿಕೊಳ್ಳುವುದು ಮುಂದಿನ ಹೆಜ್ಜೆ. ನಮ್ಮಲ್ಲಿ ಪ್ರಾರ್ಥನೆ ಅಂದರೆ ದನಿ ಬದಲಾಗುತ್ತದೆ, ಪುಸ್ತಕದ ಭಾಷೆ ಬರುತ್ತದೆ. ಒಳಗೆ ಸಿಟ್ಟಿದ್ದರೂ ಬಾಯಲ್ಲಿ ಸ್ತೋತ್ರ. ಕೀರ್ತನೆಗಳನ್ನು ಬರೆದವರಿಗೆ ಈ ನಾಚಿಕೆ ಇರಲಿಲ್ಲ.

13ನೇ ಕೀರ್ತನೆ ತೆಗೆಯಿರಿ. ಆರೇ ವಾಕ್ಯ. ಮೊದಲ ಎರಡರಲ್ಲಿ ನಾಲ್ಕು ಸಲ "ಎಲ್ಲಿಯವರೆಗೆ?" ಎಂದು ಕೇಳುತ್ತಾನೆ. ನನ್ನನ್ನು ಮರೆತೇ ಬಿಟ್ಟೆಯಾ, ಮುಖ ಮರೆಮಾಡಿಕೊಳ್ಳುತ್ತೀಯಾ ಅಂತ ದೇವರಿಗೇ ಹೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ, ಹಾಡುತ್ತೇನೆ ಅನ್ನುತ್ತಾನೆ. ಅಷ್ಟರಲ್ಲಿ ಕಷ್ಟ ತೀರಿತು ಎಂದು ಎಲ್ಲೂ ಬರೆದಿಲ್ಲ.

ಈ ಮೂರು ಭಾಗ ಇಟ್ಟುಕೊಂಡು ನಿಮ್ಮದೇ ಪ್ರಾರ್ಥನೆ ಬರೆಯಿರಿ. ಹೀಗಿರಬಹುದು:

"ಅಪ್ಪಾ, ಇನ್ನೂ ಎಷ್ಟು ದಿನ? ಬ್ಯಾಂಕಿನವರು ಇವತ್ತೂ ಫೋನ್ ಮಾಡಿದರು. ನನ್ನ ದನಿ ನಿನಗೆ ಕೇಳಿಸುತ್ತಿಲ್ಲವೇನೋ ಅನಿಸುತ್ತಿದೆ. ನನ್ನ ಕಡೆ ನೋಡು. ಮನೆಯಲ್ಲಿ ಇವಳ ಹತ್ತಿರ ಸುಳ್ಳು ಹೇಳದ ಹಾಗೆ ಧೈರ್ಯ ಕೊಡು. ಹಿಂದೆ ನಡೆಸಿದವನು ನೀನೇ. ಅದನ್ನು ನೆನೆಸಿಕೊಂಡು ಇವತ್ತು ಮಲಗುತ್ತೇನೆ."

ವ್ಯಾಕರಣ ನೋಡಬೇಡಿ. ಜೋರಾಗಿ ಓದಿ, ಸಾಕು. ನಂಬಿಕೆಯೇ ಇಲ್ಲ ಅನಿಸುವ ದಿನಕ್ಕೂ ಒಂದು ಪ್ರಾರ್ಥನೆ ಇದೆ, ಮಾರ್ಕ 9:24ರಲ್ಲಿ. ಕಾಯಿಲೆಯ ಮಗನನ್ನು ಕರೆತಂದ ತಂದೆ ಯೇಸುವಿಗೆ ಹೇಳಿದ್ದು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಮಗುವನ್ನು ಗುಣಪಡಿಸಿದರು.

ಹೆಜ್ಜೆ 5: ಚಿಂತೆಯನ್ನು ಎರಡು ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ "ನನ್ನ ಕೆಲಸ", ಬಲಗಡೆ "ನನ್ನ ಕೈಯಲ್ಲಿಲ್ಲದ್ದು".

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬರುವುದೋ ಇಲ್ಲವೋ ಅನ್ನುವುದು ಬಲಗಡೆ. ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಆಮೇಲೆ ಹೂ ಕಚ್ಚಲು ಇನ್ನೊಂದು ಮಳೆ ಬೇಕು. ಅದೂ ಬಲಗಡೆಯೇ. ಆದರೆ ಕೆರೆಯಲ್ಲಿ ನೀರಿದ್ದರೆ ಸ್ಪ್ರಿಂಕ್ಲರ್ ಸರಿ ಮಾಡಿಸಿ ಇಡುವುದು ಎಡಗಡೆ. ಮುಂಗಾರಿಗೆ ಮುಂಚೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವುದು, ಕಾಂಡಕೊರಕ ಬಿದ್ದ ಗಿಡ ಹುಡುಕಿ ಕಿತ್ತು ಸುಡುವುದು ಎಡಗಡೆ. ದರ ಬಲಗಡೆ. ಸಂಬಳದವರ ಪಟ್ಟಿ ಬೇರೆ ಇರುತ್ತದೆ: ಅರ್ಜಿ ಹಾಕುವುದು ಎಡ, ಆರ್ಡರ್ ಬರುವುದು ಬಲ.

ಬರೆದಾದ ಮೇಲೆ ಎಡಗಡೆಯದರಲ್ಲಿ ಇವತ್ತು ಮಾಡಬಹುದಾದ ಒಂದಕ್ಕೆ ಗುರುತು ಹಾಕಿ. ಬಲಗಡೆಯದನ್ನು ಒಂದೊಂದಾಗಿ ಹೆಸರು ಹೇಳಿ ದೇವರ ಮುಂದೆ ಓದಿ. ಫಿಲಿಪ್ಪಿಯವರಿಗೆ 4:6 ಹೇಳುವುದು ಇದನ್ನೇ. ಚಿಂತೆ ಮಾಡಬೇಡಿ ಅಂದು ಪೌಲ ಸುಮ್ಮನಾಗುವುದಿಲ್ಲ, ನಿಮಗೆ ಬೇಕಾದ್ದನ್ನು ದೇವರಿಗೆ ತಿಳಿಸಿ ಅನ್ನುತ್ತಾನೆ, ಕೃತಜ್ಞತೆಯನ್ನೂ ಸೇರಿಸಿ ಅನ್ನುತ್ತಾನೆ. ಹಾಗಾಗಿ ಪುಟದ ಕೆಳಗೆ ಆ ದಿನ ಸಿಕ್ಕ ಒಂದು ಒಳ್ಳೆಯದನ್ನೂ ಬರೆಯಿರಿ.

ಕೆಲವರು ಕೇಳುತ್ತಾರೆ, ಎಡಗಡೆಯ ಪಟ್ಟಿ ಯಾಕೆ, ಎಲ್ಲ ದೇವರಿಗೇ ಬಿಟ್ಟರೆ ಆಗುವುದಿಲ್ಲವಾ ಅಂತ. ನೆಹೆಮೀಯ 4:9 ಓದಿ. ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳು ಬರುತ್ತಾರೆ ಎಂದು ಸುದ್ದಿಯಾಯಿತು. ಅವರು ದೇವರಿಗೆ ಪ್ರಾರ್ಥಿಸಿದರು, ಹಗಲೂ ರಾತ್ರಿ ಕಾವಲೂ ಹಾಕಿದರು. ಎರಡೂ ಒಂದೇ ವಾಕ್ಯದಲ್ಲಿದೆ. ಆಲೂರು, ಸಕಲೇಶಪುರದ ಕಡೆ ರಾತ್ರಿ ಆನೆ ಬರುವ ಹಾದಿಯಲ್ಲಿರುವವರು ಪ್ರಾರ್ಥನೆ ಮಾಡಿಯೇ ಹೊರಡುತ್ತಾರೆ, ಅರಣ್ಯ ಇಲಾಖೆಯ ಎಚ್ಚರಿಕೆ ಮೆಸೇಜನ್ನೂ ನೋಡಿಯೇ ಹೊರಡುತ್ತಾರೆ.

ಹೆಜ್ಜೆ 6: ಔಷಧಿ ಬಿಡಬೇಡಿ

ಇದನ್ನು ಬೇರೆಯಾಗಿ ಬರೆಯಲು ಕಾರಣವಿದೆ. ನಂಬಿಕೆ ಇದ್ದರೆ ಮಾತ್ರೆ ಯಾಕೆ ಅಂತ ಕೇಳುವವರು ಎಲ್ಲ ಕಡೆ ಇದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ನಿಲ್ಲಿಸಿದವರ ಕಥೆಗಳು ಚೆನ್ನಾಗಿ ಮುಗಿಯುವುದಿಲ್ಲ.

ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ ಕೆಳಗೆ ಹಾರು ಅನ್ನುತ್ತಾನೆ. ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ, ಅನ್ನುತ್ತಾನೆ. ಅದು 91ನೇ ಕೀರ್ತನೆಯ ಮಾತು, ನಮ್ಮ ಮನೆ ಗೋಡೆಗಳ ಮೇಲೆ ನೇತಾಡುವ ಕೀರ್ತನೆ. ಯೇಸು ಧರ್ಮೋಪದೇಶಕಾಂಡದಿಂದ ಉತ್ತರ ಕೊಡುತ್ತಾರೆ: ನಿನ್ನ ದೇವರನ್ನು ಪರೀಕ್ಷಿಸಬೇಡ. ಬೇಕೆಂದೇ ಅಪಾಯಕ್ಕೆ ಇಳಿದು ದೇವರು ಕಾಪಾಡಲಿ ಅನ್ನುವುದನ್ನು ಯೇಸು ಭರವಸೆ ಅಂತ ಒಪ್ಪಲಿಲ್ಲ.

ಇನ್ನೂ ಬೇಕಾದರೆ ಯೆಶಾಯ 38 ನೋಡಿ. ಹಿಜ್ಕೀಯ ರಾಜನಿಗೆ ದೇವರು ಹದಿನೈದು ವರ್ಷ ಆಯುಷ್ಯ ಕೊಡುತ್ತೇನೆ ಅಂದ ಮೇಲೂ ಅಂಜೂರದ ಹಣ್ಣು ಅರೆದು ಹುಣ್ಣಿಗೆ ಕಟ್ಟಲು ಯೆಶಾಯ ಹೇಳುತ್ತಾನೆ. ಪೌಲನ ಜೊತೆಗಿದ್ದ ಲೂಕ ವೈದ್ಯ. ಕಥೋಲಿಕ ಬೈಬಲಿನ ಸಿರಾಖ 38 ವೈದ್ಯರನ್ನು ಗೌರವಿಸಿ, ಅವರನ್ನು ಸೃಷ್ಟಿಸಿದ್ದೂ ದೇವರೇ ಅನ್ನುತ್ತದೆ. ನಮ್ಮ ಸೀಮೆಯ ಕ್ರೈಸ್ತರ ಚರಿತ್ರೆಯೂ ಹಾಗೇ ಇದೆ. ಜನ ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದ ಪಾದ್ರಿ ಆಬೆ ದುಬ್ವಾ 19ನೇ ಶತಮಾನದ ಶುರುವಿನಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದರು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಮಿಷನ್ ಆಸ್ಪತ್ರೆಯಾಗಿಯೇ ಬೆಳೆದದ್ದು.

ಮನಸ್ಸಿನ ಕಾಯಿಲೆಗೂ ಇದೇ ಮಾತು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಯಬೇಕು ಅನ್ನುತ್ತಾನೆ. ದೂತ ಬಂದು ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ, ಎಲೀಯ ತಿಂದು ಮತ್ತೆ ಮಲಗುತ್ತಾನೆ, ದೂತ ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕು ಬೇಡ ಅನಿಸುತ್ತಿದೆ ಅಂದರೆ ಫಾದರ್ ಅಥವಾ ಅಯ್ಯನವರಿಗೆ ಹೇಳಿ, ಡಾಕ್ಟರಿಗೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 7: ಬಾಯಿಪಾಠ

ಸಂಡೇ ಸ್ಕೂಲ್ ಬಿಟ್ಟ ಮೇಲೆ ಯಾರೂ ಮಾಡದ ಕೆಲಸ ಇದು. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಾಗ ಪುಸ್ತಕ ಇರುವುದಿಲ್ಲ, ಇದ್ದರೂ ಕಣ್ಣು ಓಡುವುದಿಲ್ಲ.

121ನೇ ಕೀರ್ತನೆಯಿಂದ ಶುರು ಮಾಡಿ. ಎಂಟು ವಾಕ್ಯ, ಬೆಟ್ಟದ ಕಡೆ ಕಣ್ಣೆತ್ತಿ ಶುರುವಾಗುತ್ತದೆ. ಬಾಬಾಬುಡನ್‌ಗಿರಿ ಸಾಲು ಕಾಣುವ ಊರಿನಲ್ಲಿ ಇದು ಬೇಗ ಬಾಯಿಗೆ ಬರುತ್ತದೆ. ಸಹಾಯ ಬರುವುದು ಬೆಟ್ಟದಿಂದ ಅಂತ ಮಾತ್ರ ಓದಬೇಡಿ, ಎರಡನೇ ವಾಕ್ಯ ಅದನ್ನು ಮಾಡಿದವರ ಕಡೆ ತೋರಿಸುತ್ತದೆ. ದಿನಕ್ಕೆ ಒಂದು ವಾಕ್ಯ. ಹೊಸದನ್ನು ಸೇರಿಸುವ ಮುಂಚೆ ಹಳೆಯದನ್ನೆಲ್ಲ ಒಮ್ಮೆ ಹೇಳಿ. ನಡೆಯುವಾಗ, ಪಾತ್ರೆ ತೊಳೆಯುವಾಗ, ಮೆಣಸು ಬಿಡಿಸುವಾಗ ಹೇಳಿಕೊಳ್ಳಿ. ಎಂಟು ದಿನಕ್ಕೆ ಬಾರದಿದ್ದರೆ ಹದಿನಾರು ದಿನ ಆಗಲಿ. ಆಮೇಲೆ 23, ಅದಾದ ಮೇಲೆ ಮೂರೇ ವಾಕ್ಯದ 131.

ಹೆಜ್ಜೆ 8: ಮನೆಯ ಪ್ರಾರ್ಥನೆ

ಉದ್ದ ಮಾಡಬೇಡಿ. ಇಷ್ಟೇ ಹೇಳಬೇಕು ಅನಿಸುತ್ತದೆ, ಆದರೂ ನಾಲ್ಕು ಮಾತು ಸೇರಿಸುತ್ತೇನೆ.

ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇದ್ದೇ ಇದೆ. ಅದರ ಕೊನೆಗೆ ಆ ದಿನದ ಪೂಜೆಯ ಸುವಾರ್ತೆ ಭಾಗವನ್ನು ಒಬ್ಬರು ಓದಿದರೆ ಆಯಿತು. ಬೇರೆ ಮನೆಗಳಲ್ಲಿ ಒಂದು ಹಾಡು, ಹತ್ತು ಹನ್ನೆರಡು ವಾಕ್ಯದ ಒಂದು ಭಾಗ, ಒಬ್ಬೊಬ್ಬರದು ಒಂದು ಸಾಲಿನ ಪ್ರಾರ್ಥನೆ, ಕೊನೆಗೆ ಕರ್ತನ ಪ್ರಾರ್ಥನೆ. ಓದುವ ಸರದಿ ಮಕ್ಕಳಿಗೂ ಬರಲಿ. ತಪ್ಪು ಓದಿದರೆ ನಡುವೆ ತಿದ್ದಬೇಡಿ. ಓದಲು ಬಾರದ ಅಜ್ಜಿಗೆ ಮೊಬೈಲಿನಲ್ಲಿ ಆಡಿಯೋ ಬೈಬಲ್ ಹಾಕಿಕೊಡಿ, ಕೇಳಿದ ಕಥೆಯನ್ನು ಅವರ ಬಾಯಿಂದ ಹೇಳಿಸಿ. ಪುಸ್ತಕಕ್ಕಿಂತ ಅದೇ ಚೆನ್ನಾಗಿರುತ್ತದೆ.

ಮಕ್ಕಳಿಗೆ ಬೈಯಬೇಕಾದ್ದನ್ನು ಪ್ರಾರ್ಥನೆಯಲ್ಲಿ ಸೇರಿಸುವವರಿದ್ದಾರೆ: "ಕರ್ತನೇ, ಇವನಿಗೆ ಮೊಬೈಲ್ ಬಿಡುವ ಬುದ್ಧಿ ಕೊಡು" ಅಂತ. ಅದು ದೇವರಿಗೆ ಹೇಳಿದ್ದಲ್ಲ ಅಂತ ಮಗುವಿಗೆ ಗೊತ್ತಾಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಜನನದ ಹಬ್ಬ) ಹೊಸ ತೆನೆ ಮನೆಗೆ ಬಂದಾಗ, ಸುಗ್ಗಿ ಹಬ್ಬಕ್ಕೆ ಬಾಳೆಗೊನೆ, ಕುಂಬಳಕಾಯಿ ಚರ್ಚಿಗೆ ಒಯ್ಯುವಾಗ ನೋಟ್‌ಬುಕ್ಕಿನ ಕೆಳಸಾಲುಗಳನ್ನು ಎಲ್ಲರೂ ಸೇರಿ ಓದಿ. ವರ್ಷದಲ್ಲಿ ಏನೇನು ಸಿಕ್ಕಿತ್ತು ಅನ್ನುವುದು ಮರೆತೇ ಹೋಗಿರುತ್ತದೆ.

ಹೆಜ್ಜೆ 9: ಉತ್ತರ ಬಾರದಿದ್ದಾಗ

ಕೇಳಿದ್ದು ಸಿಗುವುದಿಲ್ಲ. ಕೆಲವು ಸಲ ಕೊನೆಗೂ ಸಿಗುವುದಿಲ್ಲ. ಆಗ ನಿಮ್ಮ ನಂಬಿಕೆ ಸಾಲಲಿಲ್ಲ ಅಂತ ಯಾರಾದರೂ ಹೇಳುತ್ತಾರೆ. 2 ಕೊರಿಂಥದವರಿಗೆ 12 ತೆರೆದು ತೋರಿಸಿ. ಶರೀರದಲ್ಲಿ ಚುಚ್ಚುವ ಮುಳ್ಳನ್ನು ತೆಗೆದುಹಾಕು ಎಂದು ಪೌಲ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಸಿಕ್ಕಿತು. ಪೌಲನ ನಂಬಿಕೆ ಸಾಲದಾಯಿತು ಅನ್ನುವವರು ಯಾರೂ ಇಲ್ಲ.

ದಾನಿಯೇಲ 3ರಲ್ಲಿ ಮೂವರು ಯುವಕರು ಬೆಂಕಿಯ ಕುಲುಮೆಯ ಮುಂದೆ ನಿಂತು ರಾಜನಿಗೆ ಹೇಳಿದ ಮಾತಿದೆ. ನಮ್ಮ ದೇವರು ಬಿಡಿಸಬಲ್ಲರು, ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ. ಆ "ಬಿಡಿಸದಿದ್ದರೂ" ಇರುವ 18ನೇ ವಾಕ್ಯ ವಾಗ್ದಾನದ ಕಾರ್ಡುಗಳಲ್ಲಿ ನನಗೆ ಕಂಡಿಲ್ಲ.

ಹಬಕ್ಕೂಕ ಇನ್ನೂ ಹತ್ತಿರದವನು. ಮೂರೇ ಅಧ್ಯಾಯದ ಪುಸ್ತಕ, ಶುರುವಾಗುವುದೇ ದೂರಿನಿಂದ. ಕೊನೆಗೆ 3:17ರಲ್ಲಿ ಬೆಳೆಗಳ ಲೆಕ್ಕ ಕೊಡುತ್ತಾನೆ. ಅಂಜೂರ ಹೂ ಬಿಡಲಿಲ್ಲ, ದ್ರಾಕ್ಷಿ ಹಣ್ಣಾಗಲಿಲ್ಲ, ಎಣ್ಣೆಮರ ಫಲ ಕೊಡಲಿಲ್ಲ, ಹೊಲದಲ್ಲಿ ಆಹಾರವಿಲ್ಲ, ದೊಡ್ಡಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಹೀಗಾದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಈ ವಾಕ್ಯವನ್ನು ನಿಮ್ಮ ಬೆಳೆಯ ಹೆಸರು ಹಾಕಿ ಬರೆಯಿರಿ. ಹೂಮಳೆ ಬಂದರೂ ಇನ್ನೊಂದು ಮಳೆ ಬರಲಿಲ್ಲ, ಮೆಣಸಿನ ಬಳ್ಳಿ ಒಣಗಿತು, ಆಲೂಗಡ್ಡೆಗೆ ಅಂಗಮಾರಿ ಬಿತ್ತು, ಶುಂಠಿ ನೆಲದಲ್ಲೇ ಕೊಳೆಯಿತು, ಹಸು ಬತ್ತಿತು. ಅಲ್ಲಿಗೆ ಬರೆದು, ಮುಂದಿನ ಸಾಲು ಬರೆಯಲು ಮನಸ್ಸು ಬಾರದಿದ್ದರೆ ಖಾಲಿ ಬಿಡಿ. ಮಾರನೇ ದಿನ ಮತ್ತೆ ಆ ಪುಟ ತೆರೆಯಿರಿ. ಎಷ್ಟು ದಿನವಾದರೂ ತೆಗೆದುಕೊಳ್ಳಿ. ಸುಳ್ಳು ಸಂತೋಷ ಬರೆಯುವುದಕ್ಕಿಂತ ಖಾಲಿ ಜಾಗ ಒಳ್ಳೆಯದು. 88ನೇ ಕೀರ್ತನೆ ಕತ್ತಲಿನ ಮಾತಿನಲ್ಲೇ ಮುಗಿಯುತ್ತದೆ, ಅದನ್ನೂ ಬೈಬಲಿನಿಂದ ಯಾರೂ ತೆಗೆದುಹಾಕಿಲ್ಲ.

ಹೆಜ್ಜೆ 10: ಇನ್ನೊಬ್ಬರ ಕಷ್ಟದಲ್ಲಿ

ಸಾವಾದ ಮನೆಗೆ ಹೋಗಿ ಎಲ್ಲ ಒಳ್ಳೆಯದಕ್ಕೇ ಅನ್ನಬೇಡಿ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದು ಸರಿಯಲ್ಲ ಎಂದು ಕೊನೆಗೆ ದೇವರೇ ಹೇಳುತ್ತಾರೆ. ಗಂಜಿ ಮಾಡಿ ತೆಗೆದುಕೊಂಡು ಹೋಗಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬನ್ನಿ, ದನಕ್ಕೆ ಹುಲ್ಲು ಹಾಕಿ. ಬಟ್ಟೆ, ಊಟ ಇಲ್ಲದವರಿಗೆ ಸಮಾಧಾನದಿಂದ ಹೋಗಿ ಅಂತ ಬಾಯಿಮಾತು ಹೇಳಿ ಕಳಿಸಿದರೆ ಪ್ರಯೋಜನವೇನು ಎಂದು ಯಾಕೋಬ 2:15-16 ಕೇಳುತ್ತದೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಕೂಲಿ ತಡವಾಗಿರುವವರಿಗೆ ಮಾಲೀಕರು ವಾಕ್ಯ ಫಾರ್ವರ್ಡ್ ಮಾಡಿದರೆ ಅದೂ ಹೀಗೆಯೇ.

ಮೊದಲ ಎಂಟು ವಾರಕ್ಕೆ ಓದು

ಮಾರ್ಕನ ಸುವಾರ್ತೆಗೆ ಮುಂಚೆ, ರೂಢಿಯಾಗಲಿ ಅಂತ, ಮೊದಲ ವಾರ ಕೀರ್ತನೆಗಳು 121, 23, 131, 13, 27, 62, 46, ದಿನಕ್ಕೊಂದು. ಎರಡರಿಂದ ನಾಲ್ಕನೇ ವಾರದವರೆಗೆ ಮಾರ್ಕನ ಸುವಾರ್ತೆ, ವಾರಕ್ಕೆ ಐದಾರು ಅಧ್ಯಾಯ, ಭಾನುವಾರ ಚರ್ಚಿನಲ್ಲಿ ಓದಿದ ಭಾಗವೇ ಸಾಕು. ಐದನೇ ವಾರ ರೂತಳ ನಾಲ್ಕು ಅಧ್ಯಾಯ. ಬರಗಾಲ, ವಲಸೆ, ಗಂಡಂದಿರನ್ನು ಕಳೆದುಕೊಂಡ ಅತ್ತೆ ಸೊಸೆ, ಹೊಲದಲ್ಲಿ ಹಕ್ಕಲಾಯುವ ಕೆಲಸ. ನೆಲಕ್ಕೆ ಉದುರಿದ ಕಾಫಿ ಹಣ್ಣು ಹೆಕ್ಕಿದವರಿಗೆ ಈ ಪುಸ್ತಕ ಗೊತ್ತಿರುವ ಊರಿನ ಹಾಗೆ ಇರುತ್ತದೆ. ಉಳಿದ ದಿನಗಳಿಗೆ ಕೀರ್ತನೆ 73, 88, 130. ಆರನೇ ವಾರ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ಆಮೇಲೆ ಯೆರೆಮೀಯ 28 ಮತ್ತು 29. ಏಳನೇ ವಾರ ಹಬಕ್ಕೂಕ ಮತ್ತು ಮತ್ತಾಯ 5ರಿಂದ 7. ಎಂಟನೇ ವಾರ ಯಾಕೋಬನ ಐದು ಅಧ್ಯಾಯ.

ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಓದಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಶುರು ಮಾಡುವವರು ಮಾರ್ಕ 14, 15, 16ನ್ನು ಪವಿತ್ರ ವಾರಕ್ಕೆ ತೆಗೆದಿಡಿ. ಕಾಫಿ ಕೊಯ್ಲಿನ ಸಮಯದಲ್ಲಿ ಶುರು ಮಾಡುವವರು ಎಂಟು ವಾರವನ್ನು ಹದಿನಾರು ಮಾಡಿಕೊಂಡರೂ ನಡೆಯುತ್ತದೆ.